ಮಣಿ ಪೋಣಿಸಲು ಒಂದು ದಿನದ ರಜೆ

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಬಳಸುವ ರಜೆಯ ಅರ್ಜಿಯಲ್ಲಿ ಕಾರಣವನ್ನು ನಮೂದಿಸಲೆಂದೇ ಒಂದು ಅಂಕಣವಿರುತ್ತದೆ. ನಮ್ಮಂಥವರು ಆ ಅಂಕಣದಲ್ಲಿ ಬರೆಯುವ ಸಂಗತಿಗಳು ಮೂರೋ ನಾಲ್ಕೋ: ಊರಿನಲ್ಲಿ ಮದುವೆ, ಅತ್ತೆಯವರ ಶಸ್ತ್ರಚಿಕಿತ್ಸೆ, ಮಕ್ಕಳ ಪರೀಕ್ಷೆ, ಮತ್ತು ಇವೆಲ್ಲವನ್ನೂ ಒಳಗೊಳ್ಳುವ ‘ಕೌಟುಂಬಿಕ ಕಾರಣ’. ‘ಒಂದು ಕೈಕೆಲಸವನ್ನು ಕಲಿಯುವುದಿದೆ’ ಎಂದು ಬರೆದವರನ್ನು ನಾವು ಈವರೆಗೆ ಕಂಡಿಲ್ಲ. ಬರೆದರೆ ಮೇಲಧಿಕಾರಿಗಳು ನಿರಾಕರಿಸಿಯಾರೆಂಬ ಭಯಕ್ಕಿಂತ, ಓದಿ ನಕ್ಕಾರೆಂಬ ಸಂಕೋಚವೇ ಇದಕ್ಕೆ ಹೆಚ್ಚಿನ ಕಾರಣವಿರಬೇಕು.

ನಾವು ಎಂದರೆ ಮುಂಬೈಯ ಬೇರೆ ಬೇರೆ ಕಚೇರಿಗಳಲ್ಲಿ ದುಡಿಯುವ, ನಲವತ್ತರ ಗಡಿಯನ್ನು ದಾಟಿದ, ಕನ್ನಡದ ನೆಪದಿಂದ ಪರಸ್ಪರ ಪರಿಚಿತರಾದ ಕೆಲವು ಹೆಂಗಸರು. ಎರಡು ವರ್ಷಗಳಿಂದ ಭಾನುವಾರಗಳಂದು ಒಬ್ಬರಲ್ಲ ಒಬ್ಬರ ಮನೆಯಲ್ಲಿ ಸೇರಿ, ಕೈಯಿಂದ ಆಭರಣ ಮಾಡುವುದನ್ನು ಕಲಿಯುತ್ತಿದ್ದೇವೆ. ಚಿನ್ನಬೆಳ್ಳಿಯ ಮಾತು ಇಲ್ಲಿಲ್ಲ. ತಾಮ್ರದ ತಂತಿ, ಗಾಜಿನ ಮಣಿ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ, ರೇಷ್ಮೆಯ ದಾರ, ಇಷ್ಟೇ ನಮ್ಮ ಬಂಡವಾಳ. ಈ ಎರಡು ವರ್ಷಗಳಲ್ಲಿ ನಮ್ಮನ್ನು ಹೆಚ್ಚು ಕೇಳಿದ ಪ್ರಶ್ನೆ ‘ಹೇಗೆ ಮಾಡುತ್ತೀರಿ’ ಎಂಬುದಲ್ಲ, ‘ಇದಕ್ಕೆಲ್ಲ ನಿಮಗೆ ವೇಳೆ ಎಲ್ಲಿ ಸಿಗುತ್ತದೆ’ ಎಂಬುದು. ಪ್ರಶ್ನೆಯಲ್ಲಿ ಮೆಚ್ಚುಗೆಯೂ ಇರುತ್ತದೆ, ಸಣ್ಣದೊಂದು ಆಕ್ಷೇಪವೂ ಇರುತ್ತದೆ. ಅದಕ್ಕೆ ನಮ್ಮ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಹೇಳಬೇಕೆನಿಸಿದೆ. ವೇಳೆ ಸಿಗುವುದಿಲ್ಲ, ಅದನ್ನು ಕೊಡಬೇಕಾಗುತ್ತದೆ. ಹಾಗೆ ಕೊಡುವಾಗ ಕದ್ದುಮುಚ್ಚಿ ಕೊಡದೆ, ಹೆಸರು ಹೇಳಿ ಕೊಡಬೇಕಾಗುತ್ತದೆ.

ಕೈಯಿಂದ ಆಭರಣ ಮಾಡುವುದೆಂದರೆ ದಾರಕ್ಕೆ ಮಣಿ ಪೋಣಿಸುವುದಷ್ಟೇ ಎಂಬ ಭಾವನೆ ಸಾಮಾನ್ಯವಾಗಿದೆ. ಕಲಿಯತೊಡಗಿದ ಮೊದಲ ವಾರದಲ್ಲಿಯೇ ಆ ಭಾವನೆ ಕಳಚಿ ಬೀಳುತ್ತದೆ. ಸಾಧಾರಣವಾದ ಒಂದು ಜೊತೆ ಲೋಲಾಕು ಮಾಡಲು ಕೂಡ ಮೂರು ಬಗೆಯ ಇಕ್ಕಳಗಳು ಬೇಕು: ತಂತಿಯನ್ನು ಕುಣಿಕೆಯಾಗಿ ಸುತ್ತಲು ದುಂಡು ಮೂತಿಯದು, ಹಿಡಿದು ಬಗ್ಗಿಸಲು ಚಪ್ಪಟೆ ಮೂತಿಯದು, ಕತ್ತರಿಸಲು ಹರಿತವಾದ ಬಾಯಿಯದು. ತಂತಿಯ ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆಂಬ ತಲೆಕೆಳಗಾದ ಲೆಕ್ಕಕ್ಕೆ ಮನಸ್ಸು ಒಗ್ಗಬೇಕು. 20ರ ತಂತಿ ಓಲೆಯ ಕೊಕ್ಕೆಗೆ ಸರಿ, 26ರದು ಮಣಿಯ ಸುತ್ತ ಹೆಣೆಯಲು ಸರಿ. ಎರಡು ಭಾಗಗಳನ್ನು ಕೂಡಿಸುವ, ಜಂಪ್ ರಿಂಗ್ ಎಂದು ಕರೆಯುವ ಪುಟ್ಟ ಉಂಗುರದ ತುದಿಗಳನ್ನು ಎಡಬಲಕ್ಕೆ ಎಳೆದು ಅಗಲಿಸಬಾರದು. ಒಂದು ತುದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಚಿ ತೆರೆಯಬೇಕು. ಇಲ್ಲವಾದರೆ ಅದರ ದುಂಡು ಕೆಟ್ಟು, ಬಾಯಿ ಮತ್ತೆ ಸರಿಯಾಗಿ ಕೂಡುವುದಿಲ್ಲ. ಒಂದು ಓಲೆಯನ್ನು ಯಾರೂ ಹೇಗೋ ಚೆಂದವಾಗಿ ಮಾಡಿಬಿಡಬಹುದು. ನಿಜವಾದ ಪರೀಕ್ಷೆ ಇರುವುದು ಎರಡನೆಯದರಲ್ಲಿ. ಮೊದಲನೆಯದರ ಕುಣಿಕೆಯಷ್ಟೇ ದೊಡ್ಡ ಕುಣಿಕೆ ಎರಡನೆಯದಕ್ಕೂ ಬರಬೇಕಾದರೆ, ಇಕ್ಕಳದ ಮೂತಿಯ ಮೇಲೆ ಮಸಿಯಿಂದ ಒಂದು ಗೆರೆ ಎಳೆದುಕೊಂಡು, ಪ್ರತಿ ಸಲವೂ ಅದೇ ಗೆರೆಯ ಮೇಲೆ ತಂತಿಯನ್ನು ಸುತ್ತಬೇಕು. ಇಷ್ಟು ಕಲಿಯುವ ಹೊತ್ತಿಗೆ ಹತ್ತಿಪ್ಪತ್ತು ಗೇಣು ತಂತಿ ಕಸದ ಬುಟ್ಟಿಯನ್ನು ಸೇರಿರುತ್ತದೆ.

ಈ ವಿವರಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಕೈಗೆ ಕಲಿಸುವ ವೇಳೆ ಬೇರೆ, ಕಲಿತ ಕೈ ಕೆಲಸ ಮಾಡುವ ವೇಳೆ ಬೇರೆ. ಕಲಿತ ಮೇಲೆ, ಕುಕ್ಕರಿನ ಮೂರು ಸೀಟಿಗಳ ನಡುವೆ ಒಂದು ಕೊಕ್ಕೆಯನ್ನು ಬಗ್ಗಿಸಿಡಬಹುದು. ಆದರೆ ಕಲಿಯುವುದಕ್ಕೆ ಇಂಥ ಚೂರುಪಾರು ವೇಳೆ ಸಾಲದು. ಯಾರೂ ಕರೆಯದ, ಕರೆದರೂ ಏಳಬೇಕಿಲ್ಲದ, ಎರಡು ಮೂರು ಗಂಟೆಗಳ ಇಡೀ ತುಂಡೊಂದು ಬೇಕು. ‘ಬಿಡುವಾದಾಗ ಮಾಡಿ’ ಎಂದು ಹಿತೈಷಿಗಳು ಹೇಳುವ ಮಾತು ಕಲಿತವರಿಗೆ ಹೊಂದುತ್ತದೆ. ಕಲಿಯುವವರಿಗೆ ಅದು ಬಾಗಿಲು ಮುಚ್ಚಿದ ಹಾಗೆ. ನಲವತ್ತರ ನಂತರ ಹೊಸದನ್ನು ಕಲಿಯಲು ಹೊರಟ ಎಷ್ಟೋ ಜನ ತಿಂಗಳೊಪ್ಪತ್ತಿನಲ್ಲಿ ಬಿಟ್ಟುಬಿಡುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಇಡಿಯಾದ ವೇಳೆಯನ್ನು ಬೇಡುವ ಹಂತವನ್ನು ಅವರು ಚೂರುಗಳಲ್ಲಿ ದಾಟಲು ಹೆಣಗುತ್ತಿರುತ್ತಾರೆ.

ಇಡಿಯಾದ ವೇಳೆ ಹೋಗುವುದಾದರೂ ಎಲ್ಲಿಗೆ? 2019ರಲ್ಲಿ ನಡೆದ ರಾಷ್ಟ್ರೀಯ ಕಾಲಬಳಕೆಯ ಸಮೀಕ್ಷೆಯಲ್ಲಿ ಈ ಪ್ರಶ್ನೆಗೆ ಅಂಕಿಗಳ ಉತ್ತರವಿದೆ. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸಿದರೆ, ಅದೇ ಕೆಲಸದಲ್ಲಿ ತೊಡಗುವ ಗಂಡಸರು 97 ನಿಮಿಷಗಳನ್ನು ವ್ಯಯಿಸುತ್ತಿದ್ದರು. ಇದು ದೇಶದ ಸರಾಸರಿ. ಪ್ರತಿ ಮನೆಯ ಲೆಕ್ಕವಲ್ಲ. ಆದರೂ 202 ನಿಮಿಷಗಳ ಈ ಅಂತರವನ್ನು ನೋಡಿದ ಮೇಲೆ, ‘ಮನಸ್ಸು ಮಾಡಿದರೆ ವೇಳೆ ತಾನಾಗಿ ಬರುತ್ತದೆ’ ಎಂಬ ಉಪದೇಶವನ್ನು ಒಪ್ಪುವುದು ಕಷ್ಟ. ಮನಸ್ಸು ಎಲ್ಲರಿಗೂ ಇದೆ. ಸಂಜೆ ಏಳೂವರೆಗೆ ಲೋಕಲ್ ಟ್ರೇನಿನಿಂದ ಇಳಿದು ಬಂದವಳ ಎದುರು ತೊಳೆಯದ ಪಾತ್ರೆಯೂ ಇದೆ.

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಆಂಟನಿ ಟ್ರೊಲೋಪನ ಉದಾಹರಣೆ ಚಿರಪರಿಚಿತ. ಆತ ನಮ್ಮಂತೆಯೇ ಸರ್ಕಾರಿ ನೌಕರ. 1834ರಲ್ಲಿ ಲಂಡನ್ನಿನ ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿ, 1867ರವರೆಗೆ ಸೇವೆಯಲ್ಲಿದ್ದು, 47 ಕಾದಂಬರಿಗಳನ್ನು ಬರೆದವನು. ಬೆಳಗಿನ ಜಾವ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲುಗಂಟೆಗೆ 250 ಪದಗಳಂತೆ ಬರೆಯುತ್ತಿದ್ದುದಾಗಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನೌಕರಿಯ ಜೊತೆಗೆ ಸೃಜನಶೀಲ ಕೆಲಸ ಸಾಧ್ಯವೆಂದು ಹೇಳುವವರೆಲ್ಲ ಅವನ ಶಿಸ್ತನ್ನು ಹೊಗಳುತ್ತಾರೆ. ಅದೇ ಆತ್ಮಕಥೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಅಷ್ಟು ಹೊತ್ತಿಗೆ ಅವನನ್ನು ಎಬ್ಬಿಸಲು ಮನೆಯಲ್ಲಿ ಒಬ್ಬ ಮುದಿ ಆಳಿದ್ದ. ಆ ಕೆಲಸಕ್ಕೆಂದೇ ಅವನಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿನ ಸಂಬಳ ಸಲ್ಲುತ್ತಿತ್ತು. ಕಾಫಿಯನ್ನು ತಂದುಕೊಡುತ್ತಿದ್ದವನೂ ಅವನೇ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೆ ಹೆಚ್ಚು ಋಣಿಯೆಂದು ಟ್ರೊಲೋಪ್ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ. ಶಿಸ್ತಿನ ಪಾಠವನ್ನು ಹೇಳುವವರು ಈ ಕಾಫಿಯನ್ನು ಮರೆಯಬಾರದು. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಮೊದಲು ಎದ್ದು ಡಿಕಾಕ್ಷನ್ ಇಳಿಸುವವರು ನಾವೇ. ಆದ್ದರಿಂದ ಇನ್ನೂ ಒಂದು ಗಂಟೆ ಮುಂಚೆ ಏಳುವುದು ನಮ್ಮ ಸಮಸ್ಯೆಗೆ ಪರಿಹಾರವಾಗಲಾರದು. ವಾರಕ್ಕೊಂದು ದಿನವಾದರೂ ಕಾಫಿಯ ಹೊಣೆಯನ್ನು ಇನ್ನೊಬ್ಬರು ಹೊರುವುದು ಪರಿಹಾರದ ಆರಂಭವಾದೀತು.

ಹೆಣ್ಣು ಬರೆಯಬೇಕಾದರೆ ವರ್ಷಕ್ಕೆ 500 ಪೌಂಡ್ ಆದಾಯವೂ ತನ್ನದೇ ಆದ ಒಂದು ಕೋಣೆಯೂ ಬೇಕೆಂದು ವರ್ಜೀನಿಯಾ ವುಲ್ಫ್ 1929ರಲ್ಲಿ ಹೇಳಿದ್ದಳು. ತಿಂಗಳ ಕೊನೆಗೆ ಬರುವ ಸಂಬಳದಿಂದ ಮೊದಲ ಬೇಡಿಕೆ ಹೇಗೋ ಪೂರೈಸಿದೆ. ಎರಡನೆಯದನ್ನು ಮುಂಬೈಯಲ್ಲಿ ಕೇಳುವುದೇ ದುಸ್ಸಾಹಸ. ಆದರೆ ನಮ್ಮ ಕೆಲಸಕ್ಕೆ ಕೋಣೆ ಬೇಕಿಲ್ಲ. ಒಂದು ಸ್ಟೀಲಿನ ಡಬ್ಬಿ, ಮಣಿಗಳು ಉರುಳದಂತೆ ಹಾಸಲು ಒಂದು ಹಳೆಯ ಟವೆಲ್, ಮೇಜಿನ ದೀಪ, ಇಷ್ಟಾದರೆ ಸಾಕು. ಲೋಕಲ್ ಟ್ರೇನಿನ ಮಹಿಳಾ ಡಬ್ಬಿಯಲ್ಲಿ ಬಟಾಣಿ ಸುಲಿಯುವವರು, ಹೂ ಕಟ್ಟುವವರು, ಸ್ವೆಟರ್ ಹೆಣೆಯುವವರು ಇದ್ದಾರೆ; ಆ ವೇಳೆಯನ್ನು ನಾವೂ ಬಳಸಲು ನೋಡಿದ್ದುಂಟು. ಓಡುವ ಗಾಡಿಯಲ್ಲಿ ಮಣಿ ನಿಲ್ಲುವುದಿಲ್ಲ. ಬದಲಿಗೆ, ಕಡ್ಡಿಗೆ ತೂಗುಹಾಕಿದ ಓಲೆಗಳನ್ನು ಹೊತ್ತು ಡಬ್ಬಿಯಿಂದ ಡಬ್ಬಿಗೆ ಸಾಗುವ ಮಾರಾಟಗಾರ್ತಿಯರ ಸರಕನ್ನು ನೋಡಿ, ಯಾವ ಕುಣಿಕೆ ಹೇಗೆ ಕೂಡಿದೆಯೆಂದು ಗಮನಿಸುವುದು ರೂಢಿಯಾಯಿತು. ಕಲಿಕೆಯ ಅರ್ಧ ಭಾಗ ನೋಡುವುದರಲ್ಲಿಯೇ ಇದೆ ಎಂಬುದನ್ನು ಆ ಪ್ರಯಾಣಗಳು ತಿಳಿಸಿದವು.

ಇನ್ನು ನಮ್ಮ ಸಾಹಿತ್ಯ ವಲಯದವರೊಡನೆ ಒಂದು ಮಾತು. ನೌಕರಿಯ ನಡುವೆ ಬರೆದವರನ್ನು ಗೌರವಿಸುವ ಒಳ್ಳೆಯ ಪರಂಪರೆ ಮುಂಬೈ ಕನ್ನಡಿಗರಲ್ಲಿದೆ. ಯಶವಂತ ಚಿತ್ತಾಲರು ರಸಾಯನ ಉದ್ಯಮದಲ್ಲಿ ದುಡಿಯುತ್ತಲೇ ‘ಶಿಕಾರಿ’ಯನ್ನು ಬರೆದರು. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳ ಹಿಂದೆಯೂ ಔಷಧ ಕಂಪನಿಯ ನೌಕರಿಯ ವರ್ಷಗಳಿವೆ. ಬರೆಯಲು ಕುಳಿತವರಿಗೆ ಮನೆಯವರೂ ಗೆಳೆಯರೂ ತಕ್ಕಮಟ್ಟಿಗೆ ಮೌನವನ್ನು ಒದಗಿಸುತ್ತಾರೆ. ಆದರೆ ಇಕ್ಕಳ ಹಿಡಿದು ಕುಳಿತವಳನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಎಬ್ಬಿಸಬಹುದೆಂಬ ನಂಬಿಕೆ ಗಟ್ಟಿಯಾಗಿದೆ. ಬರವಣಿಗೆ ಸಾಧನೆ, ಕೈಕೆಲಸ ಕಾಲಹರಣ ಎಂಬ ಈ ಭೇದ ಬಂದದ್ದೆಲ್ಲಿಂದ? ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಬಟ್ಟೆ ನೇಯುವ ಜೇಡರ ದಾಸಿಮಯ್ಯನೂ ನಮ್ಮ ಭಾಷೆಯ ಹಿರಿಯ ವಚನಕಾರರು. ಅವರ ಕಸುಬು ಅವರ ಹೆಸರಿಗೇ ಅಂಟಿಕೊಂಡು ಬಂದಿದೆ. ಕಾಯಕವನ್ನು ಅಷ್ಟು ಎತ್ತರದಲ್ಲಿಟ್ಟ ನುಡಿಯವರು ಕೈಯ ಕೆಲಸವನ್ನು ರಾಜ್ಯೋತ್ಸವದ ದಿನ ಸಭಾಂಗಣದ ಹೊರಗಿನ ಒಂದು ಮೇಜಿಗೆ ಸೀಮಿತಗೊಳಿಸುವುದು ಶೋಭಿಸುವುದಿಲ್ಲ.

ಕೈಕೆಲಸದಿಂದ ಭಾಷೆಗೂ ಲಾಭವಿದೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕಿವಿಯದೆಲ್ಲ ಇಯರಿಂಗ್, ಕೊರಳಿನದೆಲ್ಲ ಚೈನ್. ಬೆಂಡೋಲೆ, ಬುಗುಡಿ, ಕೊಪ್ಪು, ಕಟ್ಟಾಣಿ, ಅಡ್ಡಿಕೆ, ಅವಲಕ್ಕಿ ಸರ, ಕಾಸಿನ ಸರ ಎಂಬ ಹೆಸರುಗಳನ್ನು ಪಟ್ಟಿಮಾಡಿ ಕಲಿಸಲು ಹೋದರೆ ಅವರು ಕೇಳಿಸಿಕೊಳ್ಳಲಾರರು. ಆದರೆ ಬೋರೆಹಣ್ಣಿನ ಆಕಾರದ ಮಣಿಗಳನ್ನು ಎದುರಿಗೆ ಪೋಣಿಸುತ್ತ, ಇದಕ್ಕೇ ನಮ್ಮ ಉತ್ತರ ಕರ್ನಾಟಕದ ಕಡೆ ಬೋರಮಾಳ ಎನ್ನುವುದು, ಮರಾಠಿಯವರೂ ಹಾಗೆಯೇ ಎನ್ನುತ್ತಾರೆ ಎಂದಾಗ ಅವರ ಕಣ್ಣು ಅರಳುತ್ತದೆ. ಚನ್ನಪಟ್ಟಣದ ಮಣಿಯನ್ನು ಕೈಗಿತ್ತು, ಹಾಲೆಮರದ ತುಂಡು ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆಂದು ವಿವರಿಸಿದರೆ, ಬೆಂಗಳೂರು–ಮೈಸೂರು ದಾರಿಯಲ್ಲಿ ಕಾರಿನ ಕಿಟಕಿಯಿಂದ ಕಂಡ ಊರು ಅವರ ಪಾಲಿಗೆ ಕೆಲಸಗಾರರ ಊರಾಗುತ್ತದೆ. ಹೈದರಾಬಾದಿನ ಕನ್ನಡ ಮಿತ್ರರು ಬಿದರಿಯ ಕಪ್ಪು ಲೋಹದಲ್ಲಿ ಕೂರಿಸಿದ ಬೆಳ್ಳಿಯ ಎಳೆಗಳನ್ನು ತಮ್ಮ ಮಕ್ಕಳಿಗೆ ಹೀಗೆಯೇ ತೋರಿಸಬಲ್ಲರು.

ನಾವು ಮಾಡಿದ ಸರವನ್ನು ನೋಡಿದವರ ಎರಡನೆಯ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ: ‘ಇದನ್ನು ಮಾರಬಾರದೇಕೆ?’ ಪ್ರೀತಿಯಿಂದ ಕೇಳುವ ಪ್ರಶ್ನೆಯೇ ಇದು. ಆದರೆ ಇದರ ಹಿಂದೆ, ಹಣವಾಗದ ಕೆಲಸಕ್ಕೆ ಕೊಟ್ಟ ವೇಳೆ ನಷ್ಟದ ಬಾಬತ್ತು ಎಂಬ ಎಣಿಕೆ ಇದೆ. ಕೇಂದ್ರ ಸರ್ಕಾರದ ನೌಕರರಿಗೆ ಇದರ ಉತ್ತರ ಸುಲಭ. 1964ರ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿಯಿಲ್ಲದೆ ವ್ಯಾಪಾರದಲ್ಲಿ ತೊಡಗುವಂತಿಲ್ಲ. ಅದೇ 15ನೆಯ ನಿಯಮದಲ್ಲಿ, ಕಚೇರಿಯ ಕರ್ತವ್ಯಕ್ಕೆ ಧಕ್ಕೆಯಾಗದಂತೆ, ಸಾಹಿತ್ಯ ಕಲೆ ವಿಜ್ಞಾನಗಳ ಕೆಲಸವನ್ನು ಅನುಮತಿಯಿಲ್ಲದೆಯೂ ಆಗೀಗ ಕೈಗೊಳ್ಳಬಹುದೆಂಬ ಅವಕಾಶವಿದೆ. ಆ ‘ಆಗೀಗ’ ಎಂಬ ಮಾತಿನ ಬಗ್ಗೆ ನಾವು ಬಹಳ ಯೋಚಿಸಿದ್ದೇವೆ. ನಿಯಮವನ್ನು ರೂಪಿಸಿದವರು ನೌಕರರ ಬದುಕಿನಲ್ಲಿ ಕಲೆಗೆ ಆಗೀಗಲಾದರೂ ಜಾಗವಿರಲೆಂದು ಒಪ್ಪಿದ್ದಾರೆ. ಆ ಆಗೀಗನ್ನು ‘ಎಂದೂ ಇಲ್ಲ’ ಎಂದು ತಿದ್ದುತ್ತಿರುವುದು ನಮ್ಮ ದಿನಚರಿ. ಮಾರಾಟದ ಬಾಗಿಲು ಮುಚ್ಚಿರುವುದು ನಮ್ಮ ಪಾಲಿಗೆ ಒಂದು ಬಗೆಯ ಬಿಡುಗಡೆಯೂ ಹೌದು. ತಿಂಗಳಿಗೆ ಇಷ್ಟು ಜೊತೆ ಎಂಬ ಗುರಿಯಿಲ್ಲ, ಈ ವರ್ಷ ಯಾವ ಬಣ್ಣ ಓಡುತ್ತದೆಂಬ ಚಿಂತೆಯಿಲ್ಲ. ಸರಿ ಬಾರದ್ದನ್ನು ಬಿಚ್ಚಿ ಮತ್ತೆ ಕಟ್ಟುವ ಸ್ವಾತಂತ್ರ್ಯವಿದೆ. ದಿನವಿಡೀ ಕಡತಗಳಿಗೆ ಗಡುವು ಹಾಕುವವರಿಗೆ ಗಡುವಿಲ್ಲದ ಒಂದು ಕೆಲಸ ಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಹೊಟ್ಟೆಪಾಡಿಗಾಗಿ ಇದೇ ಕೆಲಸವನ್ನು ಮಾಡುವವರಿರುವಾಗ, ಸಂಬಳ ಬರುವವರು ಹವ್ಯಾಸಕ್ಕಾಗಿ ಮಾಡುವುದು ಉಳ್ಳವರ ಆಟವಲ್ಲವೇ? ಆಕ್ಷೇಪ ನ್ಯಾಯವಾದದ್ದು. ಜವೇರಿ ಬಜಾರಿನ ಗಲ್ಲಿಗಳ ಮಾಳಿಗೆಗಳಲ್ಲಿ, ಬಂಗಾಳದಿಂದ ಬಂದ ಕಾರಿಗರರು ಇಕ್ಕಟ್ಟಾದ ಕೋಣೆಗಳಲ್ಲಿ ನೆಲದ ಮೇಲೆ ಕುಳಿತು ದುಡಿಯುತ್ತಾರೆ. ಅಲ್ಲಿ ನೆಲದ ಧೂಳಿಗೂ ಬೆಲೆಯಿದೆ. ಅದನ್ನು ಗುಡಿಸಿಟ್ಟು, ತೊಳೆದು, ಅದರಲ್ಲಿ ಬೆರೆತ ಚಿನ್ನದ ಕಣಗಳನ್ನು ಬೇರ್ಪಡಿಸುವವರಿದ್ದಾರೆ. ಇಂಥವರ ಅನ್ನಕ್ಕೆ ಅಡ್ಡಬರುವ ಉದ್ದೇಶ ನಮ್ಮದಲ್ಲ, ಆ ಸಾಮರ್ಥ್ಯವೂ ನಮಗಿಲ್ಲ. ಕೆಲಸವನ್ನು ಸ್ವಲ್ಪಮಟ್ಟಿಗಾದರೂ ಬಲ್ಲವರು ಅದಕ್ಕೆ ಸಲ್ಲುವ ಬೆಲೆಯನ್ನು ಬಲ್ಲರು ಎಂಬುದಷ್ಟೇ ನಮ್ಮ ವಾದ. ಒಂದು ಜೊತೆ ಓಲೆಗೆ ಒಂದೂವರೆ ಗಂಟೆ ಬೆನ್ನು ಬಗ್ಗಿಸಿದವಳಿಗೆ ಒಡವೆ ಅಂಗಡಿಯಲ್ಲಿ ಮಜೂರಿಗಾಗಿ ಚೌಕಾಸಿ ಮಾಡಲು ನಾಲಿಗೆ ಹೊರಳುವುದಿಲ್ಲ. ಚನ್ನಪಟ್ಟಣದ ಮಣಿಯ ನಡುವಿನ ರಂಧ್ರ ಸರಿಯಾಗಿ ಮಧ್ಯಕ್ಕೇ ಬಂದಿರುವುದನ್ನು ಕಂಡಾಗ ಅದನ್ನು ಕೊರೆದ ಕೈ ನೆನಪಾಗುತ್ತದೆ. ಕೊಳ್ಳುವವರೆಲ್ಲರೂ ಒಂದೊಂದು ಸಲವಾದರೂ ಮಾಡಿ ನೋಡಿದ್ದರೆ ಕುಶಲಕರ್ಮಿಗಳಿಗೆ ಇಂದಿಗಿಂತ ಹೆಚ್ಚಿನ ಮರ್ಯಾದೆ ದೊರೆಯುತ್ತಿತ್ತೆಂಬುದು ನಮ್ಮ ನಂಬಿಕೆ.

‘ಈಗೇನು ಅವಸರ, ನಿವೃತ್ತಿಯ ನಂತರ ಮಾಡಿದರಾಯಿತು’ ಎನ್ನುವವರು ಇನ್ನೂ ಹೆಚ್ಚು. ನಮ್ಮ ನಿವೃತ್ತಿಯ ವಯಸ್ಸು 60. ಕಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ. ನಲವತ್ತಕ್ಕೆ ಬರುವ ಕನ್ನಡಕವನ್ನು ನಮ್ಮ ಹಿರಿಯರು ಚಾಳೀಸು ಎಂದೇ ಕರೆದರು. ಅದು ಈಗಾಗಲೇ ನಮ್ಮ ಮೂಗಿನ ಮೇಲೆ ಕುಳಿತಿದೆ. ಸೂಜಿಯ ಕಣ್ಣಿಗೆ ದಾರ ಹಾಕಲು ಮಗಳನ್ನು ಕರೆಯುವ ದಿನಗಳು ಬಂದಿವೆ. ಬೆರಳಿನ ಗಂಟುಗಳು ಹಿಡಿಯತೊಡಗಿದ ಮೇಲೆ ಇಕ್ಕಳಕ್ಕೆ ಹೊಸದಾಗಿ ಪಳಗುವುದು ಕಠಿಣ. ಈಗ ಪಳಗಿದ ಕೈ ಆಗ ತನ್ನ ದಾರಿಯನ್ನು ತಾನೇ ಕಂಡುಕೊಂಡೀತು. ನಿವೃತ್ತಿಯ ನಂತರ ಮಾಡಬೇಕೆಂಬ ಆಸೆಯುಳ್ಳವರೇ ಈಗ ಕಲಿಯಬೇಕಾದವರು.

ವಿಚಿತ್ರವೆಂದರೆ ನಮ್ಮಲ್ಲಿ ವೇಳೆಯ ಸಂಗ್ರಹ ಇಲ್ಲದೆ ಇಲ್ಲ. ವರ್ಷಕ್ಕೆ 30 ದಿನಗಳ ಗಳಿಕೆ ರಜೆ ನಮ್ಮ ಖಾತೆಗೆ ಜಮೆಯಾಗುತ್ತದೆ. ಅದನ್ನು ಬಳಸದೆ ಕೂಡಿಟ್ಟರೆ, ನಿವೃತ್ತಿಯ ದಿನ 300 ದಿನಗಳವರೆಗಿನ ರಜೆಗೆ ನಗದು ದೊರೆಯುತ್ತದೆ. ಮಗಳ ಮದುವೆಗೋ ಊರಿನ ಮನೆಯ ಛಾವಣಿಗೋ ಆ ಹಣ ಒದಗುತ್ತದೆಂಬುದನ್ನು ನಾವೂ ಬಲ್ಲೆವು. ಕೂಡಿಡುವವರ ವಿವೇಕವನ್ನು ಹಳಿಯಲಾರೆವು. ಆದರೆ 300 ದಿನಗಳಲ್ಲಿ ವರ್ಷಕ್ಕೆ ಎರಡು ದಿನ ಕಡಿಮೆಯಾದರೆ ಯಾವ ಛಾವಣಿಯೂ ಸೋರುವುದಿಲ್ಲ. ಎರಡು ದಿನಗಳೆಂದರೆ, ಬೆಳಗಿನಿಂದ ಸಂಜೆಯವರೆಗೆ ಅಡ್ಡಿಯಿಲ್ಲದ ಹದಿನಾಲ್ಕು ಹದಿನೈದು ಗಂಟೆಗಳು. ಮೊದಲ ಪಾಠಗಳನ್ನು ದಾಟಿ, ಚೂರು ವೇಳೆಯಲ್ಲಿಯೂ ಕೆಲಸ ಮುಂದುವರಿಸಬಲ್ಲ ಹಂತಕ್ಕೆ ಬರಲು ಅಷ್ಟು ಸಾಕು.

ತಾಮ್ರದ ತಂತಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಅದು ಪೆಡಸಾಗಿ ಕೊನೆಗೆ ತುಂಡಾಗುತ್ತದೆ. ತುಂಡಾಗುವ ಮೊದಲೇ ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆದುವಾಗಿ, ಹೇಳಿದಂತೆ ಕೇಳುತ್ತದೆ. ಇಪ್ಪತ್ತು ವರ್ಷ ಒಂದೇ ಕುರ್ಚಿಗೆ ಬಾಗಿದ ಬೆನ್ನುಗಳಿಗೂ ಇದು ಅನ್ವಯಿಸುತ್ತದೆಂದು ನಮಗೆ ತೋರುತ್ತದೆ. ನಾವು ಬೇಡುತ್ತಿರುವುದು ದೊಡ್ಡದನ್ನೇನೂ ಅಲ್ಲ. ಮನೆಯಲ್ಲಿ ವಾರಕ್ಕೆ ಒಂದು ಹೊತ್ತು, ಅದು ಯಾರದೆಂದು ಎಲ್ಲರಿಗೂ ತಿಳಿದಿರುವಂತೆ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಲಿ. ಆ ಹೊತ್ತಿನ ಅಡುಗೆಯನ್ನು ಇನ್ನೊಬ್ಬರು ನೋಡಿಕೊಳ್ಳಲಿ. ಸಾರಿಗೆ ಉಪ್ಪು ಹೆಚ್ಚಾದರೆ ಹೆಚ್ಚಾಗಲಿ. ಮುಂಬೈ, ಪುಣೆ, ಚೆನ್ನೈ, ದೆಹಲಿ ಎಲ್ಲೆಡೆಯ ಕನ್ನಡ ಬಳಗಗಳು ತಿಂಗಳ ಕಾವ್ಯವಾಚನದ ಜೊತೆಗೆ ಒಂದು ಗಂಟೆಯನ್ನು ಕೈಕೆಲಸಕ್ಕೆ ಮೀಸಲಿಡಲಿ. ಬಲ್ಲವರು ಕಲಿಸಲಿ, ಮಕ್ಕಳೂ ಗಂಡಸರೂ ಕುಳಿತು ಕಲಿಯಲಿ. ಮತ್ತು ನಮ್ಮಲ್ಲಿ ಯಾರಾದರೊಬ್ಬರು ಮುಂದಿನ ಸಲ ರಜೆಯ ಅರ್ಜಿಯ ಕಾರಣದ ಅಂಕಣದಲ್ಲಿ ‘ಆಭರಣ ತಯಾರಿಕೆಯ ಕಲಿಕೆ’ ಎಂದು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆಯಲಿ. ಓದಿದವರು ನಕ್ಕರೆ, ಅವರಿಗೂ ಒಂದು ಇಕ್ಕಳವನ್ನು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳೋಣ.